ಇದೆಯೋ ಇಲ್ಲವೋ

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬಂದ ರೋಗಿಯ ಹಳೆಯ ದಾಖಲೆ ಕಂಪ್ಯೂಟರಿನಲ್ಲಿ ಇದೆಯೇ ಎಂದು ಹುಡುಕುವ ಪ್ರೋಗ್ರಾಂ ಹನ್ನೊಂದು ವರ್ಷದ ಹಿಂದೆ ಅವಳೇ ಬರೆದದ್ದು. ಉತ್ತರ ಬರಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಅಷ್ಟು ಹೊತ್ತು ನರ್ಸುಗಳು ಅವಳ ಮೇಜಿಗೊರಗಿ ಮನೆಯ ಸುಖದುಃಖ ತೋಡಿಕೊಳ್ಳುತ್ತಿದ್ದರು.

ಹೊಸದಾಗಿ ಸೇರಿದ ಹುಡುಗಿ ಎರಡೇ ವಾರದಲ್ಲಿ ಅದಕ್ಕೆ ಕೈ ಹಾಕಿದಳು.

"ಅಕ್ಕಾ, ಇದು ಎಷ್ಟು ದಾಖಲೆ ಇದೆ ಅಂತ ಕೊನೇವರೆಗೂ ಎಣಿಸ್ತಾ ಕೂರುತ್ತೆ. ನಮಗೆ ಬೇಕಾಗಿರೋದು ಇದೆಯೋ ಇಲ್ವೋ ಅಷ್ಟೇ ತಾನೇ? ಒಂದು ಸಿಕ್ಕಿದ ಕೂಡ್ಲೇ ನಿಲ್ಲಿಸಿದ್ರೆ ಆಯ್ತು. ಬೇಗ ಸಿಗೋ ಹಾಗೆ ಹೆಸರುಗಳದ್ದು ಅಕ್ಷರಾನುಕ್ರಮದ ಒಂದು ಪಟ್ಟಿನೂ ಮಾಡಿಟ್ಟಿದ್ದೀನಿ."

ಈಗ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ನರ್ಸುಗಳೆಲ್ಲ ಹುಡುಗಿಯ ಮೇಜಿಗೇ ಮುತ್ತಿಕೊಂಡರು. ಅಕ್ಕನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಮನೆಗೆ ಹೋಗಿ ಗಂಡನ ಮುಂದೆ ಎಲ್ಲ ಕಾರಿಕೊಂಡಳು. ಈರುಳ್ಳಿ ಹೆಚ್ಚುತ್ತಿದ್ದ ಆತ, "ಅವಳು ಮಾಡಿದ್ದು ಸರಿಯಾಗೇ ಇದೆಯಲ್ಲ?" ಎಂದ. ಅಕ್ಕ ತನ್ನ ತಟ್ಟೆ ಎತ್ತಿಕೊಂಡು ಹೋಗಿ ಬೇರೆ ಕೋಣೆಯಲ್ಲಿ ಕೂತು ಉಂಡಳು.

ಒಂದು ಮಧ್ಯಾಹ್ನ ಶಸ್ತ್ರಚಿಕಿತ್ಸೆ ವಿಭಾಗದಿಂದ ಫೋನು ಬಂತು. ಹುಡುಗಿ ರೋಗಿಯ ಹೆಸರನ್ನು ಜೋರಾಗಿ ಹೇಳಿಕೊಳ್ಳುತ್ತಾ ಕಂಪ್ಯೂಟರಿನ ಕೀಲಿ ಒತ್ತಿದಳು.

"ಇಲ್ಲ ಡಾಕ್ಟ್ರೇ, ಹಳೇ ದಾಖಲೆ ಯಾವುದೂ ಇಲ್ಲ."

ಅಕ್ಕನ ಕಿವಿ ನಿಮಿರಿತು. ಅದು ಎದುರು ಬೀದಿಯ ಹೊಲಿಗೆ ಅಂಗಡಿಯ ಹೆಂಗಸು. ಮದುವೆಗೆ ಮುಂಚೆ ತವರಿನ ಹೆಸರಲ್ಲಿ ಇಲ್ಲಿಗೇ ಬಂದಿದ್ದಳು. ಅರಿವಳಿಕೆ ಕೊಟ್ಟಾಗ ಗಂಟಲು ಊದಿ ಉಸಿರು ಕಟ್ಟಿತ್ತು. ಅದನ್ನು ದಾಖಲಿಸಿದ್ದು ಅಕ್ಕನೇ.

ಅವಳು ತುಟಿ ಪಿಟಕ್ಕೆನ್ನಲಿಲ್ಲ. ಹುಡುಗಿ ತಪ್ಪು ಮಾಡಲಿ, ಎಲ್ಲರೂ ನೋಡಲಿ ಎನಿಸಿತು. ಹುಡುಗಿ ಫೋನು ಕೆಳಗಿಡಲು ಹೊರಟಳು. ಆಗ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿರುವ ಆ ಹೆಂಗಸಿನ ಮುಖ ಅಕ್ಕನ ಕಣ್ಣಮುಂದೆ ಬಂತು. ಎದ್ದುಹೋಗಿ ಫೋನು ಕಿತ್ತುಕೊಂಡಳು.

"ಡಾಕ್ಟ್ರೇ, ತಡೀರಿ! ಅವರಿಗೆ ಮಾಮೂಲಿ ಅರಿವಳಿಕೆ ಔಷಧಿ ಆಗಿಬರಲ್ಲ!"

ಔಷಧಿ ಬದಲಾಯಿತು. ಹೆಂಗಸು ಉಳಿದಳು. ಹುಡುಗಿ ಕಂಡಕಂಡವರಿಗೆಲ್ಲ "ಅಕ್ಕ ಇಲ್ದಿದ್ರೆ ಇವತ್ತು ನನ್ನ ಕಥೆ ಮುಗೀತಿತ್ತು" ಎಂದು ಸಾರಿದಳು. ಸಂಜೆ ಇಬ್ಬರೇ ಉಳಿದಾಗ ಅಕ್ಕ ತಲೆ ತಗ್ಗಿಸಿದಳು.

"ಗೊತ್ತಿದ್ದೂ ಒಂದು ಗಳಿಗೆ ಬಾಯಿ ಮುಚ್ಕೊಂಡಿದ್ದೆ ಕಣೇ."

"ಗೊತ್ತು ಅಕ್ಕಾ. ನಿಮ್ಮ ಮುಖ ನೋಡಿದ್ದೆ, ಯಾಕೆ ಅಂತ ಆಮೇಲೆ ಅರ್ಥ ಆಯ್ತು."

ಹುಡುಗಿ ಕುರ್ಚಿ ಎಳೆದು ಪಕ್ಕಕ್ಕೆ ಹಾಕಿಕೊಂಡಳು. "ಹಳೇ ಹೆಸರಲ್ಲೂ ಹುಡುಕೋ ಹಾಗೆ ಮಾಡೋಣ. ಯಾರ್ಯಾರ ಹೆಸರು ಬದಲಾಗಿದೆ ಅಂತ ನೀವು ಹೇಳಿ."

ಗೊತ್ತಿದ್ದೂ ಯಾರ ಮುಂದೆಯೂ ಬಾಯಿಬಿಡದ ಹುಡುಗಿಯ ಆ ದೊಡ್ಡ ಮನಸ್ಸಿನ ಮೇಲೂ ಅಕ್ಕನಿಗೆ ಹೊಟ್ಟೆಕಿಚ್ಚಾಯಿತು. ಆದರೂ ಒಂದೊಂದೇ ಹೆಸರು ಹೇಳತೊಡಗಿದಳು.