ಅರ್ಧ ಸಾಕ್ಷಿ

"ಯೇಸಪ್ಪಾ, ನನ್ನ ಮಗಳನ್ನ ಉಳಿಸಿಕೊಡು. ನರಸೀಪುರದ ಸಭೇಲಿ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳ್ತೀನಿ."

ಹನ್ನೊಂದು ವರ್ಷದ ಹಿಂದೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ಮಕ್ಕಳ ವಾರ್ಡಿನ ಹೊರಗೆ, ಕುಡಿಯುವ ನೀರಿನ ನಲ್ಲಿಯ ಪಕ್ಕದ ಗೋಡೆಗೆ ಒರಗಿ ನಿಂತು ನಾನು ಕೊಟ್ಟ ಮಾತು ಇದು. ನಾಲ್ಕು ವರ್ಷದ ನನ್ನ ಮಗಳು ಬೆನಿತಾ ಒಳಗೆ ಮೆದುಳು ಜ್ವರದಲ್ಲಿ ಕಣ್ಣು ಬಿಡದೆ ಮಲಗಿ ಅಂದಿಗೆ ಐದನೆಯ ದಿನ. ನನ್ನ ಗಂಡ ಚೆಲುವರಾಜು ಔಷಧಿ ತರಲು ಹೋಗಿದ್ದರು. ಜೊತೆಯಲ್ಲಿದ್ದವಳು ನನ್ನ ಅವ್ವ ಮುತ್ತಮ್ಮ ಒಬ್ಬಳೇ. ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ಮಾತು ಬಾಯಿಗೇ ಬಂದುಬಿಟ್ಟಿತ್ತು.

"ನಾನು ಕೇಳುಸ್ಕಂಡಿವ್ನಿ ಕಣವ್ವ ಶಾಂತಿ," ಅಂದಳು ಅವ್ವ. "ದೇವ್ರೂ ಕೇಳುಸ್ಕಂಡವ್ನೆ. ಇಬ್ರು ಕೇಳುಸ್ಕಂಡಾಯ್ತು. ಇನ್ನು ತಪ್ಪಂಗಿಲ್ಲ."

ಏಳನೆಯ ದಿನ ಬೆನಿತಾ ಕಣ್ಣು ಬಿಟ್ಟು ನೀರು ಕೇಳಿದಳು. ಅವ್ವ ಅಲ್ಲೇ ಮಂಡಿಯೂರಿದಳು. "ದಾರಿ ಬಿಡಮ್ಮ" ಎಂದು ನರ್ಸ್ ಗದರಿದರೂ ಏಳಲಿಲ್ಲ. ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ, ಅಂಗಳದಲ್ಲಿ ಬೆನ್ನು ಹಾಕಿ ಆಡುತ್ತಿದ್ದ ಮಗಳನ್ನು ಕೂಗಿದೆ. ತಿರುಗಲಿಲ್ಲ. ಹತ್ತಿರ ಹೋಗಿ ಕೂಗಿದೆ. ಕೊನೆಗೆ ಒಂದು ಸ್ಟೀಲ್ ತಟ್ಟೆಯನ್ನು ಅವಳ ಹಿಂದೆ ನೆಲಕ್ಕೆ ಬಿಟ್ಟೆ. ತಟ್ಟೆ ಸುತ್ತಿ ಸುತ್ತಿ ನಿಂತಿತು. ಅವಳು ಮಣ್ಣಿನಲ್ಲಿ ಗೆರೆ ಎಳೆಯುತ್ತಲೇ ಇದ್ದಳು.

ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಮಿಷನ್ ಹಾಕಿದರೆ ಅಷ್ಟಿಷ್ಟು ಕೇಳಬಹುದು ಎಂದರು ಡಾಕ್ಟರು.

ನಾನು ಕೇಳಿದ್ದು ಜೀವ. ದೇವರು ಕೊಟ್ಟಿದ್ದ. ಕಿವಿಯ ಮಾತನ್ನು ನಾನು ಎತ್ತಿರಲೇ ಇಲ್ಲ. ಎತ್ತಬೇಕೆಂದು ಗೊತ್ತಿರಲೂ ಇಲ್ಲ.

ನರಸೀಪುರದ ನಮ್ಮ ಸಭೆ ದೊಡ್ಡದೇನಲ್ಲ. ಶೀಟು ಹೊದಿಸಿದ ಒಂದು ಹಾಲ್. ಎಡಕ್ಕೆ ಹೆಂಗಸರ ಜಮಖಾನ, ಬಲಕ್ಕೆ ಗಂಡಸರದ್ದು. ಹಾಡು ಮುಗಿದು ಬೈಬಲ್ ಪ್ರಸಂಗ ಶುರುವಾಗುವ ಮೊದಲು ನಮ್ಮ ಪಾಸ್ಟರ್ ಅಯ್ಯನವರು "ಸಾಕ್ಷಿ ಹೇಳೋರು ಇದ್ದೀರಾ?" ಎಂದು ಕೇಳುತ್ತಾರೆ. ದೇವರು ಮಾಡಿದ ಉಪಕಾರವನ್ನು ಕೂತಲ್ಲಿಂದಲೇ ಎದ್ದು ನಾಲ್ಕು ಮಾತಿನಲ್ಲಿ ಹೇಳುವುದು ರೂಢಿ. ಹೆಮ್ಮಿಗೆಯಿಂದ ಬರುವ ಬೆಟ್ಟಸ್ವಾಮಣ್ಣನ ಹತ್ತಿರವಂತೂ ವಾರಕ್ಕೊಂದು ಇದ್ದೇ ಇರುತ್ತದೆ. ತಪ್ಪಿಸಿಕೊಂಡ ಎಮ್ಮೆ ತಾನಾಗಿ ಕೊಟ್ಟಿಗೆಗೆ ಬಂದದ್ದು, ಮೊಬೈಲು ನಾಲೆಗೆ ಬಿದ್ದರೂ ರಿಂಗಾದದ್ದು, ಹೊರಟ ಬಸ್ಸು ಅವರಿಗಾಗಿ ನಿಂತದ್ದು. "ಆ ಡ್ರೈವರ್‌ಗೂ ಒಂದು ಸ್ತೋತ್ರ ಹೇಳು ಕಣಣ್ಣ" ಎಂದು ಗಂಡಸರ ಕಡೆಯಿಂದ ಯಾರಾದರೂ ಅನ್ನುತ್ತಾರೆ. ಅವರು ಅದಕ್ಕೂ "ಸ್ತೋತ್ರ" ಅಂದು ಕೂರುತ್ತಾರೆ.

ಎಲ್ಲರ ಸಾಕ್ಷಿಯೂ ಇಡಿಯಾದದ್ದು. ಕೇಳಿದೆ, ಸಿಕ್ಕಿತು.

ನಾನೂ ಒಂದು ಸಲ ಎದ್ದಿದ್ದೆ, ಆಸ್ಪತ್ರೆಯಿಂದ ಬಂದ ಎರಡನೆಯ ತಿಂಗಳು. "ದೇವರಿಗೆ ಸ್ತೋತ್ರ" ಅಂದೆ. ಎಲ್ಲರೂ "ಸ್ತೋತ್ರ" ಅಂದರು. ಮುಂದಿನ ಮಾತು ಬರುವಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಗೋವಿಂದಮ್ಮ ಹಿಂದೆ ತಿರುಗಿದರು. ದೀಕ್ಷಾಸ್ನಾನದಲ್ಲಿ ಬೇರೆ ಹೆಸರಿಟ್ಟಿದ್ದರೂ ಊರ ಬಾಯಲ್ಲಿ ಗೋವಿಂದಮ್ಮನಾಗಿಯೇ ಉಳಿದ ಒಳ್ಳೆಯ ಮುದುಕಿ. "ಕಿವೀನೂ ಬತ್ತದೆ ಕಣವ್ವ. ನಂಬ್ಕೆ ಗಟ್ಟಿ ಮಾಡ್ಕೊ. ಪೂರ್ತಿ ವಾಸಿ ಆದ್ಮೇಲೆ ಪೂರ್ತಿ ಸಾಕ್ಸಿ ಯೇಳೀವಂತೆ," ಅಂದರು.

ನಾನು ಕೂತೆ. ಅವರ ಮಾತು ಸರಿ ಅನ್ನಿಸಿತ್ತು. ಕಿವಿಯೂ ಬರಲಿ, ಎರಡನ್ನೂ ಸೇರಿಸಿ ಹೇಳೋಣ. ಆ ವರ್ಷ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಆಮೇಲಾಮೇಲೆ ಅಯ್ಯನವರು "ಸಾಕ್ಷಿ ಹೇಳೋರು?" ಎನ್ನುವಾಗ ನಾನು ಜಮಖಾನದ ಅಂಚಿನ ದಾರ ಎಳೆಯುತ್ತಾ ಕೂರುವುದು ಅಭ್ಯಾಸವಾಯಿತು.

ದೇವರನ್ನು ಬಿಟ್ಟೆ ಎಂದಲ್ಲ. ನಾವು ನಂಜನಗೂಡಿಗೆ ಬಂದೆವು. ನಾನು ತಾಂಡ್ಯದಲ್ಲಿ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್‌ಗೆ ಸೇರಿದೆ. ದಿನವಿಡೀ ನಿಂತೇ ಕೆಲಸ. ಬೆನಿತಾ ಈಗ ಹತ್ತನೇ ಕ್ಲಾಸು. ಸ್ಕೂಲಿಗೆ ಹೋಗಿ ಬರಲು ಊಟಿ ರಸ್ತೆ ದಾಟಬೇಕು. ಹಿಂದಿನಿಂದ ಬರುವ ಲಾರಿ ಎಷ್ಟು ಹಾರ್ನ್ ಹೊಡೆದರೂ ಅವಳಿಗೆ ಅದು ಇಲ್ಲ. ಬೆಳಿಗ್ಗೆ ಕಂಪನಿ ಬಸ್ಸಿನ ಕಿಟಕಿಗೆ ತಲೆ ಆನಿಸಿ "ಇವತ್ತು ದಾಟಿಸಪ್ಪ" ಅನ್ನುತ್ತೇನೆ. ಸಂಜೆ ಟೀ ಬ್ರೇಕಿನಲ್ಲಿ ಫೋನ್ ತೆಗೆದರೆ "ಮನೆಗೆ ಬಂದೆ" ಎಂಬ ಅವಳ ಮೆಸೇಜು ಇರುತ್ತದೆ. "ಸ್ತೋತ್ರ" ಎಂದುಕೊಂಡು ಟೀ ಕುಡಿಯುತ್ತೇನೆ. ಆಗ ಕಾಲಿನ ನೋವು ಸ್ವಲ್ಪ ಇಳಿಯುತ್ತದೆ. ದಿನಕ್ಕೆ ಎರಡು ಸಲ ಹೀಗೆ ನಡೆಯುತ್ತಿತ್ತು. ಅದನ್ನೂ ಸಾಕ್ಷಿ ಅನ್ನಬಹುದೆಂದು ಹೊಳೆದಿರಲಿಲ್ಲ.

ಬೆನಿತಾ ಬಾಯಿ ನೋಡಿ ಮಾತು ತಿಳಿಯುತ್ತಾಳೆ. ರಸ್ತೆಯ ಆಚೆ ಬದಿಯಲ್ಲಿ ಗಂಡ ಹೆಂಡತಿ ಜಗಳವಾಡಿದರೆ ಯಾವ ವಿಷಯಕ್ಕೆ ಎಂದು ಈಚೆ ಬದಿಯಿಂದ ಹೇಳಬಲ್ಲಳು. ಊಟದ ಪ್ರಾರ್ಥನೆಗೆ ಮನೆಯವರೆಲ್ಲ ಕಣ್ಣು ಮುಚ್ಚಿದರೆ ಅವಳೊಬ್ಬಳು ತೆರೆದೇ ಇರುತ್ತಾಳೆ, ಇಲ್ಲದಿದ್ದರೆ ಆಮೆನ್ ಯಾವಾಗ ಬಂತೆಂದು ತಿಳಿಯುವುದಿಲ್ಲ. ಸಿಟ್ಟು ಬಂದರೆ ಕಿವಿಯ ಮಿಷನ್ ಕಿತ್ತು ಡಬ್ಬಿಗೆ ಹಾಕಿ ಮುಖ ತಿರುಗಿಸುತ್ತಾಳೆ. ಅಲ್ಲಿಗೆ ಜಗಳ ಮುಗಿಯಿತು, ಗೆದ್ದವಳು ಅವಳೇ.

ಇಷ್ಟೆಲ್ಲ ಗೊತ್ತಿದ್ದೂ ಅವಳೆದುರು ಗುಟ್ಟು ಮಾತಾಡುವಾಗ ನಾವು ಮಾಡುತ್ತಿದ್ದದ್ದು ದನಿ ತಗ್ಗಿಸುವುದನ್ನೇ. ಕಿವಿ ಇರುವವರ ದಡ್ಡತನ.

ಕಳೆದ ವರ್ಷದ ಕೊನೆಯ ಶನಿವಾರ ನಾನೂ ಬೆನಿತಾಳೂ ನರಸೀಪುರಕ್ಕೆ ಹೋದೆವು. ವರ್ಷದ ಕೊನೆಯ ಭಾನುವಾರ ಸಭೆಯಲ್ಲಿ ಸಾಕ್ಷಿಗಳಿಗೆ ಹೆಚ್ಚು ಹೊತ್ತು ಕೊಡುತ್ತಾರೆ. ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ಅವ್ವನ ಬಾಗಿಲಲ್ಲಿ ಇನ್ನೂ ತೂಗುತ್ತಿತ್ತು. ಹಿತ್ತಲಲ್ಲಿ ನಾನೂ ಅವ್ವನೂ ಅವರೆಕಾಯಿ ಸುಲಿಯುತ್ತಾ ಕೂತೆವು. ಬೆನಿತಾ ಆ ತುದಿಯ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ನಮ್ಮ ಕಡೆ ಮುಖ ಮಾಡಿ ತಲೆ ಬಾಚಿಕೊಳ್ಳುತ್ತಿದ್ದಳು.

ಅವ್ವ ದನಿ ತಗ್ಗಿಸಿದಳು. "ಈ ವರ್ಸನಾದ್ರೂ ಯೇಳ್ಬುಡು ಕಣೆ."

"ಏನು?"

"ಏನು ಅಂತೀಯಲ್ಲ! ಆಸ್ಪತ್ರೇಲಿ ಆಡಿದ್ ಮಾತು. ನಂಗೆ ಎಪ್ಪತ್ತೆರಡಾಯ್ತು. ನಾಳೆ ಮೇಲಕ್ಕೋದಾಗ ದೇವ್ರು ಮೊದ್ಲು ನನ್ನೇ ಕೇಳ್ತಾನೆ, ಏನ್ ಮುತ್ತಮ್ಮ, ನೀನೂ ಕೇಳುಸ್ಕಂಡಿದ್ದೆ ತಾನೆ ಅಂತ. ನಾನೇನನ್ಲಿ? ನನ್ ಮಗ್ಳಿಗೆ ನಂಜನಗೂಡಿಂದ ಬಸ್ ಸಿಗ್ನಿಲ್ಲ ಸಾಮಿ ಅನ್ಲಾ?"

ನಗು ಬಂತು. ನಕ್ಕ ಮೇಲೆ ಸಿಟ್ಟೂ ಬಂತು. ನಾನೂ ದನಿ ತಗ್ಗಿಸಿದೆ. "ಏನಂತ ಹೇಳ್ಲಿ ಅವ್ವ? ಬೆಟ್ಟಸ್ವಾಮಣ್ಣಂಗೆ ಎಮ್ಮೆ ಇಡಿಯಾಗಿ ಸಿಕ್ತು. ನನ್ನದು ಅರ್ಧ ಸಾಕ್ಷಿ. ಇವಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು, ನೋಡಿ, ದೇವರು ವಾಸಿ ಮಾಡ್ದ ಅಂದ್ರೆ ಎಲ್ಲರ ಕಣ್ಣೂ ಆ ಮಿಷನ್ ಮೇಲೇ ಹೋಗುತ್ತೆ. ನನ್ನ ಕೈಲಾಗಲ್ಲ."

ಬೆನಿತಾಳ ಬಾಚಣಿಗೆ ಒಂದು ಗಳಿಗೆ ನಿಂತದ್ದು ಕಂಡಿತು. ಸಿಕ್ಕು ಬಿದ್ದಿರಬೇಕು ಅಂದುಕೊಂಡೆ.

ಸಂಜೆ ಮೂವರೂ ನಡುಮನೆಯಲ್ಲಿ ನೆನೆದ ಅವರೆಕಾಳನ್ನು ಹಿತುಕುತ್ತಿದ್ದೆವು. ಮಧ್ಯಾಹ್ನವಿಡೀ ಮಾತಾಡದ ಬೆನಿತಾ ಥಟ್ಟನೆ ತಲೆ ಎತ್ತಿದಳು. ಅವಳ ದನಿ ಯಾವಾಗಲೂ ಸ್ವಲ್ಪ ಜೋರು, ಏರಿಳಿತವಿಲ್ಲದ್ದು.

"ಅಮ್ಮ, ನಾನು ನಿನಗೆ ಅರ್ಧಾನಾ?"

"ಏನಂದೆ?"

"ಬೆಳಿಗ್ಗೆ ಅಜ್ಜಿಗೆ ಹೇಳಿದ್ಯಲ್ಲ, ಅರ್ಧ ಸಾಕ್ಷಿ ಅಂತ. ನನ್ನನ್ನ ಪಕ್ಕದಲ್ಲಿ ನಿಲ್ಲಿಸ್ಕೊಳ್ಳೋಕೆ ನಿನಗೆ ನಾಚಿಕೆ."

"ಅಯ್ಯೋ, ಹಾಗಲ್ಲ ಕಣೆ…"

ಮಿಷನ್ ಡಬ್ಬಿಗೆ ಹೋಯಿತು. ಮುಖ ಗೋಡೆಗೆ ತಿರುಗಿತು. ನಾನು ಸುತ್ತಿ ಆ ಕಡೆ ಹೋದರೆ ಅವಳು ಈ ಕಡೆ ತಿರುಗಿದಳು. ಫೋನಿನಲ್ಲಿ ಬರೆದು ಕಳಿಸಿದೆ. ಅವಳು ತನ್ನ ಫೋನನ್ನು ಬೋರಲು ಹಾಕಿದಳು. ಕೈಯಲ್ಲಿ ಅವರೆ ಸಿಪ್ಪೆ ಹಿಡಿದು ನಿಂತೇ ಇದ್ದೆ. ಹೇಳಬೇಕಾದ ಮಾತು ಇತ್ತು, ತಲುಪಿಸುವ ದಾರಿ ಇರಲಿಲ್ಲ.

ಅವ್ವ ಬಟ್ಟಲಿನಿಂದ ಕಣ್ಣು ಎತ್ತಲಿಲ್ಲ. "ಮಗೀಗೆ ಎಂಗೆ ಯೇಳ್ಬೇಕೋ ಅಂಗೆ ಯೇಳು. ಅದು ನೋಡುವಾಗ ಯೇಳು," ಅಂದಳು.

ಊಟಕ್ಕೆ ಮುಂಚೆ ಅವ್ವ ಪ್ರಾರ್ಥನೆ ಮಾಡಿದಳು. ನಾನು ಮೆಲ್ಲಗೆ ಕಣ್ಣು ಬಿಟ್ಟು ನೋಡಿದೆ. ಅಂದು ಬೆನಿತಾ ಕಣ್ಣು ಮುಚ್ಚಿದ್ದಳು. ಆಮೆನ್ ಆಗಿ, ತಟ್ಟೆಗೆ ಮುದ್ದೆ ಬಂದು, ಸಾರು ಬಿದ್ದ ಮೇಲೂ ಮುಚ್ಚಿಯೇ ಇದ್ದಳು. ಅಷ್ಟು ಭಯ ನನಗೆ ಆ ಆಸ್ಪತ್ರೆಯಲ್ಲೂ ಆಗಿರಲಿಲ್ಲ. ನಾಲ್ಕು ವರ್ಷದವಳಿದ್ದಾಗ ಜ್ವರ ಅವಳನ್ನು ನನ್ನಿಂದ ಕಿತ್ತುಕೊಳ್ಳಲು ನೋಡಿತ್ತು. ಈಗ ಆ ಕೆಲಸ ಮಾಡುತ್ತಿದ್ದದ್ದು ನನ್ನದೇ ಮಾತು.

ಭಾನುವಾರ ಸಭೆಯಲ್ಲಿ ಅವಳು ನನ್ನ ಪಕ್ಕ ಕೂರಲಿಲ್ಲ. ಹಿಂದಿನ ಗೋಡೆಗೆ ಒರಗಿ ಅಜ್ಜಿಯ ಜೊತೆ ಕೂತಳು. ಅವರ ಪಕ್ಕ ಗೋವಿಂದಮ್ಮ. ಅವರಿಗೀಗ ಎಂಬತ್ತು ದಾಟಿ ಕಿವಿ ಮಂದವಾಗಿತ್ತು. ನಾನು ನಡುವಿನ ಸಾಲಿನಲ್ಲಿ ಸೆರಗು ಹೊದ್ದು ಕೂತೆ.

ಹಾಡು ಮುಗಿಯಿತು. ಬೆಟ್ಟಸ್ವಾಮಣ್ಣ ಎದ್ದು, ಕ್ರಿಸ್‌ಮಸ್ ದಿನ ಕಜ್ಜಾಯ ಕರಿಯುವಾಗ ಖಾಲಿಯಾಗಬೇಕಿದ್ದ ಗ್ಯಾಸ್ ಸಿಲಿಂಡರ್ ಕೊನೆಯ ಕಜ್ಜಾಯದವರೆಗೂ ಉರಿದ ಸಂಗತಿ ಹೇಳಿದರು. "ನಮ್ಗೊಂದು ಕಜ್ಜಾಯನೂ ಕೊಡ್ದೆ ಬರೀ ಸಾಕ್ಷಿ ಕೊಡ್ತೀಯಲ್ಲಣ್ಣ!" ಎಂದರು ಯಾರೋ. ನಗು ಅಡಗಿದ ಮೇಲೆ ಅಯ್ಯನವರು ಕೇಳಿದರು, "ಇನ್ಯಾರಾದ್ರೂ ಇದ್ದೀರಾ?"

ದಾರ ಎಳೆಯುತ್ತಿದ್ದ ಕೈಯನ್ನು ನೆಲಕ್ಕೆ ಊರಿ ಎದ್ದೆ. ಎದ್ದು ವೇದಿಕೆಗೆ ಬೆನ್ನು ಹಾಕಿ, ಹಿಂದಿನ ಗೋಡೆಯ ಕಡೆ ತಿರುಗಿ ನಿಂತೆ.

"ಈ ಕಡೆ ತಿರುಗಮ್ಮ," ಎಂದು ಅಯ್ಯನವರು ಮೈಕು ಚಾಚಿದರು.

"ಬೇಡ ಅಯ್ಯನವರೇ. ನನ್ನ ಮಗಳು ಹಿಂದೆ ಕೂತವ್ಳೆ."

ಅವರು ಮೈಕನ್ನು ಕೆಳಗಿಟ್ಟರು. ಬೆನಿತಾ ತಲೆ ಬಗ್ಗಿಸಿದ್ದಳು. ನಾನು ಶುರು ಮಾಡಲಿಲ್ಲ, ಕಾದೆ. ಹಾಲ್ ಪೂರ್ತಿ ಸುಮ್ಮನಾಯಿತು. ಆ ಮೌನವೂ ಅವಳಿಗೆ ಕೇಳಲಿಲ್ಲ. ಕೊನೆಗೆ ಅವ್ವ ಮೊಣಕೈಯಿಂದ ಒಂದು ತಿವಿತ ತಿವಿದಳು. ಬೆನಿತಾ ಸಿಟ್ಟಿನಿಂದ ಅಜ್ಜಿಯ ಕಡೆ ನೋಡಿ, ಆಮೇಲೆ ನಾನು ನಿಂತಿರುವುದನ್ನು ಕಂಡಳು.

ಮನೆಯಲ್ಲಿ ಅವಳೊಡನೆ ಮಾತಾಡುವ ಹಾಗೆ ಹೇಳಿದೆ, ನಿಧಾನವಾಗಿ, ತುಟಿ ಬಿಡಿಸಿ, ಹೆಚ್ಚು ದನಿ ಇಲ್ಲದೆ.

"ದೇವರಿಗೆ ಸ್ತೋತ್ರ. ಹನ್ನೊಂದು ವರ್ಷದ ಹಿಂದೆ ನನ್ನ ಮಗಳು ಸಾಯೋ ಹಾಗಿದ್ಳು. ಉಳಿಸಿಕೊಡು ಅಂತ ಕೇಳ್ದೆ. ಉಳಿಸಿಕೊಟ್ಟ. ಕಿವಿ ಬರಲಿಲ್ಲ. ಯಾಕೆ ಅಂತ ಕೇಳ್ತಾನೇ ಇದ್ದೀನಿ, ಅವನು ಇನ್ನೂ ಹೇಳಿಲ್ಲ. ಕಿವಿ ಬಂದ್ಮೇಲೆ ಸಾಕ್ಷಿ ಹೇಳೋಣ ಅಂತ ಬಾಯಿ ಮುಚ್ಕೊಂಡು ಕೂತಿದ್ದೆ. ಅದು ನನ್ನ ತಪ್ಪು. ಇವಳು ದಿನಾ ಊಟಿ ರಸ್ತೆ ದಾಟಿ ಮನೆಗೆ ಬರ್ತಾಳೆ. ಯಾರು ದಾಟಿಸ್ತಾರೆ ಅಂತ ನನಗೆ ಗೊತ್ತು. ಅರ್ಧ ಇದ್ದಿದ್ದು ನನ್ನ ನಂಬಿಕೆ. ನನ್ನ ಮಗಳು ಪೂರ್ತಿ."

ಮುಂದೆ ಹೇಳಲು ಏನೂ ಉಳಿದಿರಲಿಲ್ಲ. ಬೆನಿತಾಳ ಕಣ್ಣು ನನ್ನ ಬಾಯಿಯ ಮೇಲೇ ಇತ್ತು, ಇನ್ನೇನಾದರೂ ಬರಬಹುದೆಂಬಂತೆ.

"ಏನಂದ್ಲು ಶಾಂತಿ?" ಎಂದು ಗೋವಿಂದಮ್ಮ ಬೆನಿತಾಳ ತೋಳು ಹಿಡಿದು ಅಲ್ಲಾಡಿಸಿದರು. "ಬಾಯಿ ಆಡ್ತದೆ, ಸಬ್ದಾನೇ ಇಲ್ಲ! ಏನಂದ್ಲವ್ವ?"

ಹಾಲಿನಲ್ಲಿದ್ದ ಅಷ್ಟು ಕಿವಿಗಳ ನಡುವೆ ನನ್ನ ಮಾತನ್ನು ಒಂದೂ ಬಿಡದೆ ಹಿಡಿದವಳು ಬೆನಿತಾ ಒಬ್ಬಳೇ ಇರಬೇಕು. ಅವಳು ಮುದುಕಿಯ ಕಿವಿಯ ಹತ್ತಿರ ಬಾಗಿ, ತನ್ನ ಆ ಏರಿಳಿತವಿಲ್ಲದ ಜೋರು ದನಿಯಲ್ಲಿ, ಶೀಟು ಮಾರ್ದನಿಸುವ ಹಾಗೆ ಹೇಳಿದಳು:

"ಅಜ್ಜಿ, ಕಿವಿ ಬರಲಿಲ್ಲ ಅಂದ್ಲು ಅಮ್ಮ! ಆದ್ರೂ ನಾನು ಪೂರ್ತಿ ಅಂತೆ!"

ಗೋವಿಂದಮ್ಮ ಸ್ವಲ್ಪ ಯೋಚಿಸಿದರು. "ಮತ್ತೆ? ಅರ್ದ ಅಂದೋರ್ಯಾರು?"

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ನಾನು ನಿಂತಲ್ಲಿಂದ ಕಾಣಲಿಲ್ಲ. ಬೆಟ್ಟಸ್ವಾಮಣ್ಣ ಮೊದಲು "ಸ್ತೋತ್ರ" ಅಂದರು. ಆಮೇಲೆ ಎಲ್ಲರೂ ಅಂದರು. ಅಯ್ಯನವರು ಪ್ರಾರ್ಥನೆಗೆ ಕರೆದಾಗ ನಾನು ಕೂತು, ಕಣ್ಣು ಮುಚ್ಚದೆ ಹಿಂದೆ ತಿರುಗಿ ನೋಡಿದೆ. ಬೆನಿತಾಳ ಕಣ್ಣೂ ತೆರೆದಿತ್ತು. ಆಮೆನ್ ಬಂದಾಗ ನಾನು ತುಟಿ ಆಡಿಸಿದೆ. ಅವಳು ಅಲ್ಲಿಂದಲೇ "ಆಮೆನ್" ಅಂದಳು.

ಆಸ್ಪತ್ರೆಯಲ್ಲಿ ಕೊಟ್ಟ ಮಾತನ್ನು ನಡೆಸಿದೆ. ಹನ್ನೊಂದು ವರ್ಷ ತಡವಾಗಿತ್ತು.