ಬಾನೆಟ್ಟಿನ ಮೇಲಿನ ತಾಮ್ರದ ತಂಬಿಗೆ

ಡೋಲಿನ ರಾಂಗೆಲ್ ಕಾರು ಕೊಂಡ ಈ ಕಥೆಯನ್ನು ಸ್ತ್ರುಮಾ ನದಿಯ ದಂಡೆಯ ಮೂರು ಹಳ್ಳಿಗಳಲ್ಲಿ ಕೇಳಿದ್ದೇನೆ. ಅವನು ಮೊದಲು ಮೆಚ್ಚಿದ ಕಾರು ಮೇಲಿನ ಹಳ್ಳಿಯವರ ಬಾಯಲ್ಲಿ ನೀಲಿ, ಕೆಳಗಿನವರ ಬಾಯಲ್ಲಿ ಹಸಿರು. ಎರಡನೆಯದು ಕಂದು ಬಣ್ಣದ್ದೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಇಲ್ಲಿ ಬರೆದಿರುವುದು ಮೇಲಿನ ಹಳ್ಳಿಯ ಪಾಠ. ರಾಂಗೆಲನ ಅತ್ತೆ ವಿದ್ಕಾ ಅಲ್ಲಿಯವಳಾದ್ದರಿಂದ ಅವಳ ಮಾತುಗಳು ಅಲ್ಲಿಯೇ ಹೆಚ್ಚು ಮಾಸದೆ ಉಳಿದಿವೆ.

ಆ ಸೀಮೆಯಲ್ಲಿ ಡೋಲು ಮೊಳಗದೆ ಮದುಮಗಳನ್ನು ತವರಿನ ಹೊಸ್ತಿಲು ದಾಟಿಸುವುದಿಲ್ಲ. ರಾಂಗೆಲನ ಹಳೆಯ ಕಾರೋ, ಒಂದೇ ವಸಂತದಲ್ಲಿ ಎರಡು ಮದುವೆಗಳಿಗೆ ಕೈಕೊಟ್ಟಿತ್ತು. ಎರಡನೆಯ ಮದುವೆಯಲ್ಲಿ ಮದುಮಗಳು ಮಧ್ಯಾಹ್ನದವರೆಗೂ ಬಾಗಿಲ ಹಿಂದೆಯೇ ನಿಂತಿದ್ದಳು. ರಾಂಗೆಲ್ ಡೋಲನ್ನು ಬೆನ್ನಿಗೆ ಕಟ್ಟಿಕೊಂಡು ಕತ್ತೆಗಾಡಿಯಲ್ಲಿ ಬಂದಿಳಿದ. ಮೂರನೆಯ ಮದುವೆ ಭಾನುವಾರ, ಘಟ್ಟದ ಮೇಲಿನ ಊರಿನಲ್ಲಿ. ಮದುಮಗಳ ತಂದೆ ಮೆತೋದಿ ಫೋನಿನಲ್ಲಿ ಬಿಚ್ಚಿಯೇ ಹೇಳಿದ್ದ:

“ಒಂಬತ್ತರೊಳಗೆ ನಿನ್ನ ಡೋಲು ನಮ್ಮ ಗೇಟಲ್ಲಿರಬೇಕು. ಇಲ್ದಿದ್ರೆ ಪಟ್ಟಣದ ಸ್ಪೀಕರ್‌ನವನು ಹಾಡು ಹಾಕ್ತಾನೆ. ಆಮೇಲೆ ಈ ಕಡೆ ನಿನ್ನ ಯಾರೂ ಕರೆಯಲ್ಲ, ನೋಡ್ಕೊ.”

ಹೀಗಾಗಿ ಶನಿವಾರ ಬೆಳಗ್ಗೆ ಅಳಿಯ ಮತ್ತು ಅತ್ತೆ ಬಸ್ಸು ಹತ್ತಿ, ಹೆದ್ದಾರಿಯ ಪಕ್ಕದಲ್ಲಿ ಹಳೆಯ ಕಾರು ಮಾರುವ ಕಿರ್ಚೋನ ಅಂಗಳಕ್ಕೆ ಬಂದರು. ಕಾರಿನ ಹಿಂಬಾಗಿಲಲ್ಲಿ ತೂರುತ್ತದೆಯೋ ಇಲ್ಲವೋ ನೋಡಬೇಕಲ್ಲ, ಅದಕ್ಕಾಗಿ ಅಳಿಯನ ಬೆನ್ನಿಗೆ ಡೋಲು. ಅತ್ತೆಯ ಕೈಯಲ್ಲಿ ತಾಮ್ರದ ತಂಬಿಗೆ, ಅದರ ತುಂಬ ಮನೆಯ ಬಾವಿಯ ನೀರು, ಬಾಯಿಗೆ ಕೆಂಪು ಜೆರೇನಿಯಂ ಹೂವು. ಕೊಂಡ ಕಾರಿನ ಗಾಲಿಯ ಮುಂದೆ ಆ ನೀರು ಚೆಲ್ಲಿದರೆ ಪ್ರಯಾಣವೆಲ್ಲ ನೀರು ಹರಿದಂತೆ ಸುಗಮ. ಅವಳು ನೀರು ಚೆಲ್ಲುವ ತನಕ ವ್ಯಾಪಾರ ಮುಗಿದಂತಲ್ಲ ಎಂಬುದು ಅಳಿಯನಿಗೂ ಗೊತ್ತಿತ್ತು.

ಕಿರ್ಚೋ ಅವರನ್ನು ನೀಲಿ ಕಾರಿನ ಬಳಿಗೆ ಕರೆದೊಯ್ದ.

“ಜರ್ಮನಿಯ ಅಜ್ಜಿಯೊಬ್ಬರು ಓಡಿಸ್ತಿದ್ದದ್ದು, ಅಮ್ಮ. ಭಾನುವಾರ ಚರ್ಚಿಗೆ ಹೋಗೋದಕ್ಕೆ ಮಾತ್ರ.”

“ಆ ಹಳದಿದು?”

“ಅದೂ ಒಬ್ಬ ಅಜ್ಜಿದೇ.”

“ಹಾಗಾದ್ರೆ ಜರ್ಮನಿಲಿ ಗಂಡಸರೆಲ್ಲ ನಡ್ಕೊಂಡೇ ಓಡಾಡ್ತಾರೇನೋ?” ಎಂದಳು ವಿದ್ಕಾ.

ಕಿರ್ಚೋ ನಕ್ಕು ಬೀಗದ ಕೈ ತಿರುಗಿಸಿದ. ಇಂಜಿನ್ ಎರಡು ಸಲ ಗೊಣಗಿ, ಎದ್ದಿತು. ಎದ್ದದ್ದೇ ತಾಳ ಹಿಡಿಯಿತು. ಎರಡು ಗಿಡ್ಡ ಪೆಟ್ಟು, ಒಂದು ಉದ್ದ ಪೆಟ್ಟು: ತಕ ತಕ ತಕಿಟ, ತಕ ತಕ ತಕಿಟ. ಮದುವೆಯ ಅಂಗಳದಲ್ಲಿ ಬೀಗರು ಎದುರುಬದುರಾಗಿ ಕುಣಿಯುವ ರಚೆನಿತ್ಸಾ ಕುಣಿತದ ತಾಳವೇ ಅದು, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲ. ರಾಂಗೆಲನ ಮುಖ ಅರಳಿತು.

“ಅತ್ತೆ, ಕೇಳಿಸ್ಕೊಂಡ್ರಾ? ಇದು ನನಗಾಗೇ ಕಾದು ಕೂತಿರೋ ಕಾರು.”

ಅವನು ಡೋಲನ್ನು ಹೊಟ್ಟೆಗೆ ತಿರುಗಿಸಿಕೊಂಡು ಇಂಜಿನ್ನಿನ ಜೊತೆ ಬಾರಿಸತೊಡಗಿದ. ಕಿರ್ಚೋನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರು ನೋಡಲು ಬಂದಿದ್ದ ಇನ್ನೊಬ್ಬ ಗಿರಾಕಿ, ಅವನ ಹೆಂಡತಿ, ಗೇಟಿನ ಕಾವಲುಗಾರ ಎಲ್ಲರೂ ಕೈಕೈ ಹಿಡಿದು ಸಾಲಾದರು. ಕಾವಲುಗಾರ ಕೈಚಾಚಿ ವಿದ್ಕಾಳನ್ನೂ ಎಳೆದ. ಕೈ ಬಿಡುವಾಗಲೆಂದು ಅವಳು ತಂಬಿಗೆಯನ್ನು ಬಾನೆಟ್ಟಿನ ಮೇಲಿಟ್ಟು ಸಾಲಿಗೆ ಸೇರಿದಳು. ಮಾರಾಟಕ್ಕಿಟ್ಟ ಕಾರುಗಳ ನಡುವೆ ಆ ಸಾಲು ಎರಡು ಸುತ್ತು ಸುತ್ತಿತೆಂದು ಮೇಲಿನ ಹಳ್ಳಿಯವರು ಹೇಳುತ್ತಾರೆ. ಕೆಳಗಿನವರ ಲೆಕ್ಕದಲ್ಲಿ ಐದು.

ಎಷ್ಟನೆಯ ಸುತ್ತಿನಲ್ಲಾದರೂ ಸರಿ, ವಿದ್ಕಾಳ ಕಣ್ಣು ತಂಬಿಗೆಯ ಮೇಲೆ ಬಿತ್ತು. ನೀರು ಎರಡು ಸಲ ಕುಲುಕಿ, ಮೂರನೆಯ ಸಲ ಅಂಚು ದಾಟಿ ಹಾರುತ್ತಿತ್ತು. ಹೂವು ಆಗಲೇ ಕೆಳಗೆ ಬಿದ್ದಿತ್ತು. ಅವಳು ಕೈ ಬಿಡಿಸಿಕೊಂಡಳು.

“ಅಳಿಯಾ, ಡೋಲು ನಿಲ್ಸು.”

“ಯಾಕತ್ತೆ, ಇನ್ನೂ ಕಾಲಿಗೆ ಬಿಸಿ ಏರಿಲ್ಲ.”

“ನೀರು ನೋಡು. ನಿನಗಿಂತ ಚೆನ್ನಾಗಿ ಕುಣೀತಿದೆ.”

“ನೋಡಿ ಮತ್ತೆ, ನೀರಿಗೂ ಈ ಕಾರು ಇಷ್ಟ ಆಗಿದೆ.”

“ಇಷ್ಟ ಆಗಿಲ್ಲ ಕಣೋ, ಬಿಟ್ಟು ಓಡ್ತಿದೆ. ನಲವತ್ತು ವರ್ಷ ಮಗ್ಗದ ಮುಂದೆ ಕೂತವಳು ನಾನು. ಮಗ್ಗ ಹೀಗೆ ಬಡಿದ್ರೆ ಎಲ್ಲೋ ಎಳೆ ತಪ್ಪಿದೆ ಅಂತ. ಇಲ್ಲಿ ತಪ್ಪಿರೋದು ಏನು, ಅವನನ್ನೇ ಕೇಳು.”

ಕಿರ್ಚೋ ಬೆವರೊರೆಸಿಕೊಂಡು ನಿಂತ, ನಿಂತಮೇಲೆ ಕಿವಿಗೊಟ್ಟ. ತಂಬಿಗೆ ಇಳಿಸಿ, ಬಾನೆಟ್ ಎತ್ತಿ, ಸಿಲಿಂಡರ್‌ಗಳಿಗೆ ಕಿಡಿ ಒಯ್ಯುವ ತಂತಿಗಳನ್ನು ಒಂದೊಂದಾಗಿ ಬಿಡಿಸಿ ಜೋಡಿಸಿ ನೋಡಿದ. ಒಂದನ್ನು ಬಿಡಿಸಿದಾಗ ಮಾತ್ರ ಇಂಜಿನ್ನಿನ ಸದ್ದಿನಲ್ಲಿ ಏನೂ ವ್ಯತ್ಯಾಸವಾಗಲಿಲ್ಲ.

“ನಾಲ್ಕು ಸಿಲಿಂಡರ್‌ನಲ್ಲಿ ಮೂರೇ ದುಡೀತಿವೆ, ಅಮ್ಮ. ಒಂದು ಮಲಗಿದೆ.”

“ನಿಂಗೆ ಕೇಳಿಸ್ಲಿಲ್ವಾ?”

“ಕೇಳಿಸ್ತು. ಆದ್ರೆ ರೋಗ ಅಂತ ಹೊಳೀಲೇ ಇಲ್ಲ, ಕಾಲು ತಾನಾಗೇ ಎದ್ದುಬಿಡ್ತು. ಬೇರೆ ದೇಶದವರಾಗಿದ್ರೆ ಮೊದಲ ನಿಮಿಷಕ್ಕೇ ಕಿವಿ ಮುಚ್ಕೊಳ್ತಿದ್ರು.”

“ಕುಣಿಸಿ ಮಾರೋ ಉಪಾಯವೇನೋ ಅಂದ್ಕೊಂಡೆ.”

“ಉಪಾಯವಾಗಿದ್ರೆ ನಾನು ಕುಣೀತಿದ್ನಾ? ಮಾರ್ತಿದ್ದೆ.”

ಈ ಉತ್ತರ ವಿದ್ಕಾಳಿಗೆ ಹಿಡಿಸಿತು. ಅವಳು ಅಂಗಳದ ಮೂಲೆಯತ್ತ ಗದ್ದ ಎತ್ತಿ ತೋರಿಸಿದಳು. ಅಲ್ಲಿ ಉದ್ದನೆಯ ಹಿಂಬದಿಯ, ಸಗಣಿ ಬಣ್ಣಕ್ಕೆ ಹತ್ತಿರದ ಕಂದು ಕಾರೊಂದು ನಿಂತಿತ್ತು.

“ಅದು ಯಾವ ಅಜ್ಜಿದು?”

“ಅಜ್ಜಿದಲ್ಲ. ನಮ್ಮ ಬೇಕರಿಯವನದು. ದಿನಾ ಬೆಳಗ್ಗೆ ಬ್ರೆಡ್ ಹೊತ್ತಿದೆ, ಹನ್ನೊಂದು ವರ್ಷ.”

“ಬ್ರೆಡ್ ಯಾವತ್ತಾದ್ರೂ ತಡ ಆಗಿತ್ತಾ?”

“ಇಲ್ಲ” ಎಂದ ಕಾವಲುಗಾರ, ಕೇಳದಿದ್ದರೂ. “ನಾನು ದಿನಾ ತಗೊಳ್ತಿದ್ದೆ.”

ಕೀಲಿ ಕೊಟ್ಟೊಡನೆ ಕಂದು ಕಾರು ಎದ್ದಿತು. ವಿದ್ಕಾ ತಂಬಿಗೆಯನ್ನು ಈ ಸಲ ಬೇಕೆಂದೇ ಬಾನೆಟ್ಟಿನ ಮೇಲಿಟ್ಟಳು. ತಳದಲ್ಲಿ ಉಳಿದಿದ್ದ ನೀರು ಒಲೆಯ ಪಕ್ಕದ ಬೆಕ್ಕಿನ ಬೆನ್ನಿನಂತೆ ಸಣ್ಣಗೆ ನಡುಗಿತೇ ಹೊರತು ಮೇಲೇಳಲಿಲ್ಲ. ಡೋಲು ಹಿಂಬಾಗಿಲಲ್ಲಿ ಸಲೀಸಾಗಿ ಒಳಗೆ ಹೋಯಿತು. ಕಿರ್ಚೋ ಸೇರಿ ಮೂವರೂ ಕೂತು, ಪಕ್ಕದ ಗಡಿಯಾರ ಗೋಪುರದ ಗುಡ್ಡವನ್ನು ಹತ್ತಿ ಇಳಿದರು. ಏರಿನಲ್ಲಿ ಇಂಜಿನ್ ಒಮ್ಮೆಯೂ ಉಸಿರು ಕಟ್ಟಲಿಲ್ಲ. ರಾಂಗೆಲನ ಮೋರೆ ಮಾತ್ರ ಜೋತುಬಿದ್ದಿತ್ತು.

“ಇದರಲ್ಲಿ ಸಂಗೀತವೇ ಇಲ್ಲ, ಅತ್ತೆ. ಸಿಪಾಯಿ ನಡೆದ ಹಾಗೆ ಒಂದೇ ಸಮ.”

“ಸಂಗೀತ ನೀನು ಹೊತ್ಕೊಂಡು ಹೋಗು. ಇದು ನಿನ್ನ ಹೊತ್ಕೊಂಡು ಹೋದ್ರೆ ಸಾಕು.”

ರಾಂಗೆಲನ ಬೆರಳುಗಳು ಸ್ಟೀರಿಂಗಿನ ಮೇಲೆ, ಇಂಜಿನ್ನಿನ ಸಮನಾದ ಸದ್ದಿಗೆ ಅಡ್ಡಲಾಗಿ, ತಕ ತಕ ತಕಿಟ ಎನ್ನತೊಡಗಿದವು. ತಾಳ ಎಂದಿಗಿಂತ ಸ್ಪಷ್ಟವಾಗಿ ನಿಂತಿತು. “ಆಗ್ಲಿ” ಎಂದ.

ಬೆಲೆ ಕುದುರಿದ ಮೇಲೆ ನೀರಿನ ಸರದಿ. ನೀಲಿ ಕಾರು ಕುಣಿಸಿ ಚೆಲ್ಲಿದ ಮೇಲೆ ಉಳಿದಿದ್ದುದು ಒಂದು ಬೊಗಸೆಯಷ್ಟೇ.

“ನಲ್ಲಿ ಇಲ್ಲೇ ಇದೆ, ಅಮ್ಮ” ಎಂದ ಕಿರ್ಚೋ.

“ಮನೆ ಬಾವಿದೇ ಆಗ್ಬೇಕು.” ಅವಳು ಇದ್ದಷ್ಟನ್ನೂ ಗಾಲಿಯ ಮುಂದೆ ಚೆಲ್ಲಿ ನಿಟ್ಟುಸಿರಿಟ್ಟಳು. “ಹೋಗೋದಕ್ಕೆ ಸಾಕು. ಬರೋದಕ್ಕೆ ಸಾಲಲ್ಲ.”

ಮಾರನೆಯ ಬೆಳಗ್ಗೆ ಕಂದು ಕಾರು ಘಟ್ಟ ಹತ್ತಿ ಮೆತೋದಿಯ ಗೇಟಿನ ಕೆಳಗಿನ ಇಳಿಜಾರಿನಲ್ಲಿ ನಿಂತಾಗ ಗಂಟೆ ಏಳೂಕಾಲು. ಈ ಹೊತ್ತಿನ ವಿಷಯದಲ್ಲಿ ಮೂರು ಹಳ್ಳಿಗಳ ಪಾಠವೂ ಒಂದೇ. ಬನಿಯನ್ ತೊಟ್ಟ ಮೆತೋದಿ ಅರ್ಧ ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡೇ ಗೇಟು ತೆರೆದ.

“ನೀನಾ? ಮದುಮಗಳು ಇನ್ನೂ ಎದ್ದಿಲ್ಲವಲ್ಲೋ.”

“ಎಬ್ಬಿಸೋಕೇ ಬಂದಿದೀನಿ” ಎಂದು ರಾಂಗೆಲ್ ಡೋಲಿಗೆ ಕೈ ಹಾಕಿದ.

ಊರಿಗೆ ಊರೇ ಎದ್ದಿತು. ಒಂಬತ್ತಕ್ಕೆ ಸ್ಪೀಕರ್‌ನವನು ಬಂದಾಗ ಬೀದಿಯ ತುಂಬ ಕುಣಿತದ ಸಾಲು. ಪೆಟ್ಟಿಗೆ ಇಳಿಸಲು ಜಾಗ ಸಿಗದೆ ಅವನೂ ಕೊನೆಯವಳ ಕೈ ಹಿಡಿದುಕೊಂಡ.

ಮದುಮಗಳು ಹೊಸ್ತಿಲಿಗೆ ಬಂದಳು. ಅಲ್ಲಿಯ ರೂಢಿಯಂತೆ ಅವಳ ಮುಂದೆ ತುಂಬಿದ ತಾಮ್ರದ ಬಿಂದಿಗೆ ಇಟ್ಟಿದ್ದರು. ಬಲಗಾಲಿನಿಂದ ಅವಳು ಅದನ್ನು ಎಷ್ಟು ಜೋರಾಗಿ ಒದ್ದಳೆಂದರೆ, ನೀರು ಮೆಟ್ಟಿಲಿಳಿದು, ಗೇಟು ದಾಟಿ, ಇಳಿಜಾರಿನಲ್ಲಿ ಹರಿದು ಕಂದು ಕಾರಿನ ನಾಲ್ಕೂ ಗಾಲಿಗಳ ಅಡಿ ನಿಂತಿತು.

ಅಳಿಯನ ಜೊತೆ ಬಂದು, ವಾಪಸು ದಾರಿಯ ಚಿಂತೆಯಲ್ಲಿ ಇಳಿಯದೆ ಮುಂದಿನ ಸೀಟಿನಲ್ಲೇ ಖಾಲಿ ತಂಬಿಗೆ ಹಿಡಿದು ಕೂತಿದ್ದ ವಿದ್ಕಾ ಕಿಟಕಿಯಿಂದ ಬಗ್ಗಿ ನೋಡಿದಳು.

“ಬರೋದಕ್ಕೂ ಆಯ್ತು” ಎಂದು ಇಳಿದು, ಕುಣಿಯಲು ಹೋದಳು.