ಉಮಾಪತಿ ಉಸ್ತಾದನ ಕಿವಿ

ಕೊಪ್ಪಳ ಜಿಲ್ಲೆಯಾಗಿ ಹನ್ನೆರಡು ವರ್ಷವಾಗಿತ್ತು. ಈ ಹನ್ನೆರಡು ವರ್ಷದಲ್ಲಿ ಜಿಲ್ಲೆಗೆ ದೊಡ್ಡ ದೊಡ್ಡ ಆಫೀಸು ಬಂದವು, ದೊಡ್ಡ ದೊಡ್ಡ ಸಾಹೇಬರು ಬಂದರು. ಆದರೆ ಭಾಗ್ಯನಗರದ ಉಮಾಪತಿ ಉಸ್ತಾದನ ಕಿವಿಯಂಥ ಇನ್ನೊಂದು ಕಿವಿ ಮಾತ್ರ ಬರಲಿಲ್ಲ. ಗಂಗಾವತಿಯಲ್ಲಿ ಭತ್ತದ ಲಾರಿಯೊಂದು ಕೆಮ್ಮಿದರೆ, ಇಲ್ಲಿ ಚಹಾ ಕುಡಿಯುತ್ತಿದ್ದ ಉಮಾಪತಿ ಬಸಿ ಕೆಳಗಿಟ್ಟು, "ಎರಡನೇ ವಾಲ್ವ್ ಹೋತ ನೋಡು" ಅನ್ನುತ್ತಿದ್ದ. ಕುಷ್ಟಗಿಯಿಂದ ಹೊರಟ ಬಸ್ಸು ಕೊಪ್ಪಳ ಮುಟ್ಟುವುದರೊಳಗೆ ಅದರ ಯಾವ ಬೇರಿಂಗು ಸವೆದಿದೆ ಎಂದು ಹೇಳಿ, ಬಸ್ ಸ್ಟ್ಯಾಂಡಿನಲ್ಲಿ ಪಾನಾ ಹಿಡಿದು ನಿಂತಿರುತ್ತಿದ್ದ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಇದ್ದರೆ ಅದು ಬಸ್ಸಿನದು.

ಆ ಕಿವಿ ಸತ್ತು ಎಂಟು ತಿಂಗಳಾಗಿತ್ತು.

ಬಲಗಿವಿ ಪೂರ್ತಿ ಹೋಗಿತ್ತು. ಎಡಗಿವಿಗೆ ದಪ್ಪ ದನಿ ಅಷ್ಟಿಷ್ಟು ತಾಗುತ್ತಿತ್ತು. ಸಣ್ಣ ದನಿ, ಅಂದರೆ ಕುಕ್ಕರಿನ ಸೀಟಿ, ಫೋನಿನ ಗಂಟೆ, ಪಕ್ಕದ ಮನೆಯ ಮಗ್ಗದ ಟಕಟಕ, ಎಲ್ಲ ಒಂದೊಂದಾಗಿ ಹೇಳದೆ ಕೇಳದೆ ಎದ್ದುಹೋಗಿದ್ದವು. ಮೂವತ್ತೈದು ವರ್ಷ ಇಂಜಿನ್ನಿಗೆ ತಲೆ ಕೊಟ್ಟವನಿಗೆ ಇಂಜಿನ್ನು ಕೊಟ್ಟ ಉಡುಗೊರೆ ಅದು. ಉಮಾಪತಿ ಯಾರಿಗೂ ಹೇಳಿರಲಿಲ್ಲ. ಮನೆಗೆ ಅಂಟಿಕೊಂಡಿದ್ದ ಗ್ಯಾರೇಜನ್ನು ಮೊಣಕಾಲು ನೋವಿನ ನೆಪ ಹೇಳಿ ಮುಚ್ಚಿದ. ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಬೇಕೆನಿಸಿದ ಗಾಡಿಯೊಂದನ್ನಷ್ಟೇ ಹಿಡಿಯುತ್ತಿದ್ದ. ಬಂದವರ ಮುಂದೆ ಒಂದೇ ಸಮನೆ ಮಾತಾಡುತ್ತಿದ್ದ. ಎದುರಿನವನಿಗೆ ಬಾಯಿ ತೆರೆಯಲು ಬಿಟ್ಟರೆ ತಾನೆ, ಅವನು ಹೇಳಿದ್ದು ಕೇಳಿಸಿತೋ ಇಲ್ಲವೋ ಎಂಬ ತಕರಾರು?

ಅಂಥದರಲ್ಲಿ ಗಂಗಾವತಿಯ ತಿರುಪತಿ ತನ್ನ ಕೆಂಪು ಕಾರು ತಂದು ಚಪ್ಪರದಡಿ ನಿಲ್ಲಿಸಿದ. ಅಕ್ಕಿ ಗಿರಣಿಯ ಮನೆತನದವನು, ಮೂವತ್ತೆರಡರ ಹರೆಯ. ಕಾರಿಗೆ ಎರಡೇ ಬಾಗಿಲು, ಎರಡೇ ಸೀಟು. ನೆಲಕ್ಕೆ ಎಷ್ಟು ಹತ್ತಿರವೆಂದರೆ ಅದರಡಿ ಇರುವೆಯೂ ತಲೆ ತಗ್ಗಿಸಿ ಹೋಗಬೇಕು. ಜೊತೆಗೆ ಪುಣೆಯಿಂದ ತರಿಸಿದ ಒಂದು ಪೆಟ್ಟಿಗೆ. ಅದರೊಳಗೆ ಹೊಚ್ಚ ಹೊಸ ಹೆಡರ್ ಸೆಟ್ಟು. ಇಂಜಿನ್ನಿನ ಹೊಗೆ ಹೊರಗೆ ಒಯ್ಯಲು ಹಳೆಯದರಲ್ಲಿ ಒಂದೇ ಎರಕದ ಕಬ್ಬಿಣದ ಗಡ್ಡೆ ಇರುತ್ತದೆ. ಇದರಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಬೇರೆ ಬೇರೆ ಸ್ಟೀಲಿನ ಕೊಳವೆ, ಮೈಮುರಿದ ಹಾವುಗಳಂತೆ ಬಾಗಿ ಕೆಳಗೆ ಹೋಗಿ ಒಂದಾಗುತ್ತವೆ. ಹೊಗೆ ಸಲೀಸಾಗಿ ಹೋಗುತ್ತದೆ, ಗಾಡಿ ಚುರುಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗುಡುಗುತ್ತದೆ.

"ನಾಳಿಗೆ ಮುಂಜಾನಿ ಹನುಮಸಾಗರದಾಗ ನಮ್ಮಾಕಿ ಕುಬಸದ ಕಾರ್ಯ ಐತ್ರಿ ಉಸ್ತಾದ್ರ" ಎಂದ ತಿರುಪತಿ. "ಏಳು ತಿಂಗಳ ಬಸುರಿ. ಅಮೃತಾಗ ಹುಳಿ ಬ್ಯಾಡಂತ, ಸಿಹಿ ಬ್ಯಾಡಂತ. ಈ ಗಾಡ್ಯಾಗ ಕುಂತು ತವರುಮನಿಗೆ ಹೋಗೂದ ಬಯಕಿ ಅಂತ. ಊರ ಅಗಸಿ ಬಾಗಲಕ್ಕ ಬರೂದ್ರಾಗ ಅವರಪ್ಪಗ ಕೇಳಸಬೇಕಂತ."

ಉಮಾಪತಿ ಅವನ ತುಟಿಗಳನ್ನೇ ನೋಡುತ್ತಿದ್ದ. ತುಟಿ ನಿಂತ ಕೂಡಲೇ ಶುರು ಹಚ್ಚಿದ: "ಅಗಸಿ ಏನ ಹಚ್ಚೀರಿ ಸಾವ್ಕಾರ? ನಾ ಕುಂದ್ರಿಸಿದ ಹೆಡರಿನ ಸಪ್ಪಳ ಇಲ್ಲಿಂದನ ಕೇಳಿ ಹನುಮಸಾಗರದ ಎಮ್ಮಿ ಬೆದರಿ ಹಾಲು ಏರಿಸಿಬಿಡ್ತಾವ. ಸಂಜಿಗೆ ಗಾಡಿ ಒಯ್ರಿ."

ಅವತ್ತೇ ಬೆಳಿಗ್ಗೆ ಎಂಟಕ್ಕೆ ಕೆಲಸ ಹಿಡಿದ. ಕಾರನ್ನು ಜಾಕಿನಿಂದ ಎತ್ತಿ ಅಡಿಗೆ ಆನಿಕೆಯಾಗಿ ಕಬ್ಬಿಣದ ಕುದುರೆ ಕೊಟ್ಟ. ಹಳೆಯ ನಟ್ಟುಗಳಿಗೆ ಡೀಸೆಲ್ ಉಣಿಸಿ ಒಂದು ತಾಸು ಬಿಟ್ಟ. ತುಕ್ಕು ಹಿಡಿದ ನಟ್ಟಿನ ಜೊತೆ ಜಗಳಾಡಬಾರದು, ನಟ್ಟು ಕೂಡುವ ಸ್ಟಡ್ಡು ಇಂಜಿನ್ನಿನೊಳಗೇ ಮುರಿದು ಕೂತರೆ ಮೂರು ದಿನದ ಕೆಲಸ. ಎಂಟು ನಟ್ಟುಗಳನ್ನೂ ಒಂದೂ ಮುರಿಯದಂತೆ ಬಿಚ್ಚಿದ. ಹಳೆಯ ಗಡ್ಡೆ ಇಳಿಸಿದ, ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದ, ಮೈಗೆ ಮೈ ಕೂಡುವ ಜಾಗವನ್ನು ಕನ್ನಡಿಯಂತೆ ಉಜ್ಜಿದ. ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಅವನ ಕೈಯಲ್ಲಿ ಇನ್ನೂ ಏನೂ ಹೋಗಿರಲಿಲ್ಲ. ಹೋದದ್ದು ಕಿವಿ ಮಾತ್ರ.

ಆದರೆ ಅವನ ಬಿಗಿಯುವ ಪದ್ಧತಿ ಕೈಯದ್ದಲ್ಲ, ಕಿವಿಯದು. ಬಿಗಿ ಎಷ್ಟೆಂದು ತೋರಿಸುವ ಅಳತೆಯ ಪಾನಾವನ್ನು ಜೀವಮಾನದಲ್ಲಿ ಅವನು ಮುಟ್ಟಿದವನಲ್ಲ. ತುಕ್ಕಿನ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡ ನಟ್ಟು 'ಕಿರ್ರ್' ಎಂದು ಅಳುತ್ತದೆ. ಸರಿಯಾಗಿ ಕೂತ ನಟ್ಟು ಸುಮ್ಮನಾಗುತ್ತದೆ. ಕೈಗೆ ಎರಡೂ ಒಂದೇ ಬಿಗಿ. ಅಳುತ್ತಿರುವುದನ್ನು ಬಿಚ್ಚಿ ಥ್ರೆಡ್ಡು ತೊಳೆದು ಮತ್ತೆ ಹಾಕಬೇಕು. ಸುಮ್ಮನಾದದ್ದನ್ನು ಅಲ್ಲಿಗೇ ಬಿಡಬೇಕು. ಇಷ್ಟೇ ಅವನ ವಿದ್ಯೆ. ಇದರ ಮೇಲೆ ಅವನು ಮೂವತ್ತೈದು ವರ್ಷ ಉಸ್ತಾದನಾಗಿದ್ದ.

ಮಧ್ಯಾಹ್ನ ಎರಡಕ್ಕೆ ಎಂಟೂ ನಟ್ಟು ಬಿಗಿದು ಮೇಲೆದ್ದ. ಎಂಟೂ ಸುಮ್ಮನಿದ್ದವು. ಅವನ ಪಾಲಿಗೆ ಆ ಹೊತ್ತಿಗೆ ಜಗತ್ತಿನ ಎಲ್ಲ ನಟ್ಟುಗಳೂ ಸುಮ್ಮನಿದ್ದವು.

ಹೆಂಡತಿ ಪಾರ್ವತೆಮ್ಮ ವಿಭೂತಿಯ ಬಟ್ಟಲು ಹಿಡಿದು ಬಂದಳು. ಬಿಚ್ಚಿದ ಇಂಜಿನ್ನನ್ನು ವಿಭೂತಿ ಹಚ್ಚದೆ ಚಾಲೂ ಮಾಡುವುದು ಆ ಮನೆಯಲ್ಲಿ ಇಲ್ಲ. ಯಾವಾಗಲೂ ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದು ಹೋಗುವವಳು, ಅವತ್ತು ಬಗ್ಗಿ, ನಾಲ್ಕು ಕೊಳವೆ ಇಂಜಿನ್ನಿಗೆ ಕೂಡುವ ನಾಲ್ಕೂ ಕಡೆ ಒಣ ವಿಭೂತಿಯನ್ನು ದಪ್ಪಗೆ ಮೆತ್ತಿದಳು.

"ಅಲ್ಲ್ಯಾಕ ಬಡೀತಿ? ಹೊಸಾ ಸ್ಟೀಲಿನ ಮ್ಯಾಲ ಕಲಿ ಕುಂದರ್ತೈತಿ" ಎಂದು ಉಮಾಪತಿ ಗದರಿದ.

"ಹೊಸಾದು ಬಂದಿದ್ದು ಅದಲ್ಲೇನ್ರಿ? ಅದಕ್ಕ ಹಚ್ಚಬೇಕು" ಎಂದು ಅವಳು ಅವನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದಳು. ಎಂಟು ತಿಂಗಳಿಂದ ಅವಳು ಹಾಗೇ ಮಾತಾಡುತ್ತಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಅಷ್ಟರಲ್ಲಿ ಬಂದಿದ್ದ ತಿರುಪತಿ ಸೀಟಿನಲ್ಲಿ ಕೂತು ಕೀಲಿ ತಿರುವಿದ. ಗಾಡಿ ಗುಡುಗಿತು. ತಗಡಿನ ಚಪ್ಪರ ನಡುಗಿ, ಅದರ ಮೇಲಿನ ಗುಬ್ಬಿಗಳು ಎದ್ದ ರಭಸಕ್ಕೆ ಯಲಬುರ್ಗಾ ದಾಟಿಯೇ ಕೂತಿರಬೇಕು. ಆ ದಪ್ಪ ಗುಡುಗು ಉಮಾಪತಿಯ ಎದೆಗೆ ಬಂದು ಬಡಿಯಿತು. ಎಂಟು ತಿಂಗಳಲ್ಲಿ ಮೊದಲ ಬಾರಿ ಅವನ ಕಣ್ಣು ತುಂಬಿತು. ಕೇಳುತ್ತಿದೆ ಎಂದುಕೊಂಡ. ರಬ್ಬರ್ ಕೊಳವೆಯ ಒಂದು ತುದಿ ಎಡಗಿವಿಗಿಟ್ಟು ಇನ್ನೊಂದನ್ನು ಹೆಡರಿನ ಸುತ್ತ ಆಡಿಸಿದ. ಎಲ್ಲಿಯಾದರೂ ಸೋರಿದರೆ 'ಟಿಕ್ ಟಿಕ್' ಎಂದು ಚಿಟಿಕೆ ಹೊಡೆದಂತೆ ಕೇಳಬೇಕು. ಎಲ್ಲಿಯೂ ಇಲ್ಲ.

"ಬೆಣ್ಣಿ!" ಎಂದು ಹೆಬ್ಬೆರಳೆತ್ತಿದ. "ಇಂಥಾ ಫಿಟಿಂಗು ಅದನ್ನ ಮಾಡಿದ ಕಂಪನಿಯವರ ಕೈಲಿನೂ ಆಗಾಂಗಿಲ್ಲ."

ತಿರುಪತಿ ನಕ್ಕ. "ಟಿಕ್ ಟಿಕ್ ಅಂತ ಒಂದ್ ಸಪ್ಪಳ ಬರಾಕತ್ತೇತಲ್ರಿ? ಹೊಸಾದಕ್ಕ ಹಂಗ ಇರ್ತೈತೇನ್ರಿ?"

ಆಗ ಉಮಾಪತಿಯ ಕಣ್ಣು ಅವನ ತುಟಿಗಳ ಮೇಲೆ ಇರಲಿಲ್ಲ, ಹೆಡರಿನ ಮೇಲಿತ್ತು. ಒಂದನೆಯ ಕೊಳವೆಯ ಬುಡದಲ್ಲಿ ವಿಭೂತಿ ಇತ್ತು. ಎರಡನೆಯದರಲ್ಲಿ ಇತ್ತು. ನಾಲ್ಕನೆಯದರಲ್ಲಿಯೂ ಇತ್ತು. ಮೂರನೆಯದರಲ್ಲಿ ಮಾತ್ರ ಊದಿದಂತೆ ಹಾರಿಹೋಗಿ, ಆ ಜಾಗದಲ್ಲಿ ಬೆರಳಗಲದ ಕಪ್ಪು ಮಸಿ ಕೂತಿತ್ತು.

ಅವನು ರಬ್ಬರ್ ಕೊಳವೆಯನ್ನು ಆ ಮಸಿಗೇ ಹಿಡಿದ. ಏನೂ ಕೇಳಲಿಲ್ಲ. ಬೆರಳು ಒಯ್ದ. ಸುಡುವ ಗಾಳಿ ಚುಚ್ಚಿತು.

ಹಿಂದೆ ಒಮ್ಮೆ, ಚಳಿಗಾಲದ ಬೆಳಗಿನಲ್ಲಿ, ಇರಕಲ್ಲಗಡದ ದಾರಿಯಲ್ಲಿ ಇಂಜಿನ್ ಚಾಲೂ ಇಟ್ಟು ಗಾಜು ಏರಿಸಿ ಮಲಗಿದ್ದ ಇಬ್ಬರನ್ನು ಅವನು ಜೀಪಿನಿಂದ ಇಳಿಸಿದ್ದ. ಉಸಿರಿಲ್ಲದಿದ್ದರೂ ನಿದ್ದೆಯಲ್ಲಿದ್ದಂತೆಯೇ ಇದ್ದರು. ಕೆನ್ನೆ ಕೆಂಪಗಿದ್ದವು. ಸೋರುವ ಹೊಗೆಯೊಳಗಿನ ವಿಷಗಾಳಿಗೆ ವಾಸನೆಯಿಲ್ಲ, ನೋವಿಲ್ಲ. ಆ ಸೋರಿಕೆಯನ್ನು ಮೊದಲು ಹಿಡಿಯುವುದು ಕಿವಿ. ನಾಳೆ ಈ ಸಣ್ಣ ಕಾರಿನಲ್ಲಿ, ಧೂಳಿಗೆ ಗಾಜು ಏರಿಸಿಕೊಂಡು, ಏಳು ತಿಂಗಳ ಬಸುರಿ ಗಂಗಾವತಿಯಿಂದ ಹನುಮಸಾಗರದ ತನಕ ಕೂಡುವವಳಿದ್ದಳು.

"ಬಂದ್ ಮಾಡ್ರಿ" ಎಂದ. "ಬಿಸಿಯಾದ ಮ್ಯಾಲ ಇನ್ನೊಮ್ಮಿ ಬಿಗೀಬೇಕು. ಅದು ನಮ್ಮ ಘರಾಣೆದ ಪದ್ಧತಿ."

ಅಂಥ ಪದ್ಧತಿ ಅವನ ಘರಾಣೆಯಲ್ಲಿ ಎಂದೂ ಇರಲಿಲ್ಲ. ಮೂರನೆಯದರ ಎರಡೂ ನಟ್ಟುಗಳ ಮೇಲೆ ಹತ್ತಾನೆಯ ಬಲ ಹಾಕಿದ. ಕೈಗೆ ಬಂಡೆಯಂತೆ ಬಿಗಿ ಹತ್ತಿತು. ಯಾರೂ ನೋಡದಂತೆ ತಾನೇ ಬಟ್ಟಲಿನಿಂದ ವಿಭೂತಿ ತೆಗೆದು ಮೆತ್ತಿದ. ಮತ್ತೆ ಚಾಲೂ ಮಾಡಿಸಿದ. ಮತ್ತೆ ಹಾರಿತು. ನಟ್ಟು ಎಲ್ಲೋ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡು ಅಳುತ್ತಿತ್ತು. ಅಳುತ್ತಲೇ ಬಿಗಿಯಾಗಿತ್ತು. ಎರಡು ನಟ್ಟುಗಳಲ್ಲಿ ಅಳುವುದು ಯಾವುದೆಂದು ಹೇಳಬಲ್ಲ ಕಿವಿ ಆ ಚಪ್ಪರದಲ್ಲಿ ಇದ್ದರೂ ಅದು ಉಸ್ತಾದನದಾಗಿರಲಿಲ್ಲ.

ತಿರುಪತಿ ಇಳಿದು ಬಂದು ಅವನ ಎದುರು ನಿಂತ. "ಆತಲ್ರಿ? ಕತ್ತಲಾಗೂದ್ರಾಗ ಗಂಗಾವತಿ ಮುಟ್ಟಬೇಕು. ನನಗೊಂದು ಸಪ್ಪಳ ಕೇಳಾಕತ್ತೇತಿ. ಆದ್ರ ನಿಮ್ಮ ಕಿವಿ ಮುಂದ ನಂದೇನ್ರಿ? ನೀವು ಬೆಣ್ಣಿ ಅಂದ ಮ್ಯಾಲ ಬೆಣ್ಣಿ."

ಈ ಸಲ ಉಮಾಪತಿ ತುಟಿಯ ಪ್ರತಿ ಮಾತನ್ನೂ ಓದಿದ. ಇಡೀ ಜಿಲ್ಲೆಗೆ ಕಿವಿಯಾಗಿದ್ದವನಿಗೆ ಇನ್ನು ಎರಡೇ ದಾರಿ ಇದ್ದವು: ಸುಳ್ಳು, ಇಲ್ಲವೇ ನಿಜ. ಏನಾದರೊಂದು ಕಥೆ ಕಟ್ಟಿ ಗಾಡಿ ಉಳಿಸಿಕೊಳ್ಳಬಹುದಿತ್ತು. ಕಥೆ ಅವನಲ್ಲಿ ಹದಿನಾಲ್ಕು ಲಾರಿಯಷ್ಟಿದ್ದವು. ಆದರೆ ಯಾವ ಕಥೆ ಕಟ್ಟಿದರೂ ಮತ್ತೆ ಬಿಗಿಯಬೇಕಾದವನು ಅವನೇ, ಮತ್ತೆ ಕೇಳಬೇಕಾದವನೂ ಅವನೇ.

"ತಮ್ಮಾ" ಎಂದ. ಸಾವ್ಕಾರ ಅನ್ನಲಿಲ್ಲ. "ನಿನಗ ಕೇಳಿದ್ದ ಖರೆ ಐತಿ. ಸೋರಾಕತ್ತೇತಿ. ನನಗ ಕೇಳಸಂಗಿಲ್ಲ."

"ಅಂದ್ರ?"

"ಕಿವಿ ಹೋಗ್ಯಾವ. ಎಂಟು ತಿಂಗಳಾತು. ನೀ ಈಗ ಮಾತಾಡೂದನೂ ನಾ ನೋಡಾಕತ್ತೀನಿ, ಕೇಳಾಕತ್ತಿಲ್ಲ."

ತಿರುಪತಿ ಕಾರಿನ ಕಡೆ ನೋಡಿದ, ಆಮೇಲೆ ಬಾಗಿಲಲ್ಲಿ ನಿಂತ ಪಾರ್ವತೆಮ್ಮನ ಕಡೆ ನೋಡಿದ. ಅವಳ ಮುಖದಲ್ಲಿ ಆಶ್ಚರ್ಯವಿಲ್ಲದ್ದು ಕಂಡು ತಲೆ ತಗ್ಗಿಸಿದ.

"ಹೆಣ್ಮಗಳು ಕುಂದ್ರೂ ಗಾಡಿ" ಎಂದ ಕೊನೆಗೆ. ದನಿ ಒರಟಾಗಿತ್ತು. "ಹೇಳಬೇಕಿತ್ತಲ್ರಿ ಉಸ್ತಾದ್ರ, ಮುಂಜಾನಿನ."

ಉಮಾಪತಿಗೆ ದನಿ ಕೇಳಲಿಲ್ಲ. ಮಾತು ಕಂಡಿತು. ಅಷ್ಟು ಸಾಕಾಯಿತು. ಚಪ್ಪರದ ಕಂಬ ಹಿಡಿದು ನಿಂತ. ಅವನು ಮಾತಿಲ್ಲದೆ ಹಾಗೆ ನಿಂತದ್ದನ್ನು ಭಾಗ್ಯನಗರ ಅದುವರೆಗೆ ಕಂಡಿರಲಿಲ್ಲ.

ಪಾರ್ವತೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದು ಗಂಡನ ಕೈಯಿಂದ ರಬ್ಬರ್ ಕೊಳವೆ ತೆಗೆದುಕೊಂಡಳು.

"ಇಂಜಿನ್ನು ಆರಲಿ, ಆಮ್ಯಾಲ ಬಿಚ್ರಿ" ಎಂದಳು ಅವನ ಮುಖಕ್ಕೆ. "ನಟ್ಟು ಅಳೂದು ನನಗ ಗೊತ್ತೈತಿ. ಮೂವತ್ತು ವರ್ಷ ಅಡಗಿಮನ್ಯಾಗ ಕುಂತು ಕೇಳೀನಿ."

ತಿರುಪತಿ ಕೀಲಿಯನ್ನು ಒಂದು ಗಳಿಗೆ ಕೈಯಲ್ಲೇ ತೂಗಿದ. ಬೇರೆ ಗ್ಯಾರೇಜಿಗೆ ಒಯ್ಯಬಹುದಿತ್ತು. ಆಮೇಲೆ ಕಟ್ಟೆಯ ಮೇಲೆ ಕೂತ.

ಇಂಜಿನ್ ಆರಲು ಒಂದೂವರೆ ತಾಸು ಬೇಕಾಯಿತು. ಉಮಾಪತಿ ನಟ್ಟುಗಳನ್ನು ಬಿಚ್ಚಿದ. ಮೂರನೆಯದರ ಕೆಳಗಿನ ಸ್ಟಡ್ಡಿನ ಥ್ರೆಡ್ಡಿನಲ್ಲಿ ತುಕ್ಕಿನ ಗಂಟು ಕೂತಿತ್ತು. ಅದಕ್ಕೆ ಥ್ರೆಡ್ಡು ಕೊರೆಯುವ ಡೈ ಹಾಕಿ ತಿರುವಿ ಸಾಪು ಮಾಡಿದ, ಹೊಸ ಪ್ಯಾಕಿಂಗ್ ಇಟ್ಟ, ನಡುವಿನಿಂದ ಹೊರಗೆ ಒಂದೊಂದಾಗಿ ಬಿಗಿಯತೊಡಗಿದ. ಪಾರ್ವತೆಮ್ಮ ಕೊಳವೆಯ ತುದಿ ಕಿವಿಗಿಟ್ಟು ಕಣ್ಣು ಮುಚ್ಚಿದ್ದಳು. ಅವಳ ಎಡಗೈ ಅವನ ಭುಜದ ಮೇಲಿತ್ತು. ನಟ್ಟು ಅತ್ತರೆ ಭುಜ ಒತ್ತುತ್ತಿದ್ದಳು, ಅವನು ನಿಲ್ಲಿಸುತ್ತಿದ್ದ. ಸುಮ್ಮನಾದರೆ ಕೈ ಸಡಿಲಿಸುತ್ತಿದ್ದಳು. ಎಂಟು ನಟ್ಟುಗಳಿಗೆ ಮುಕ್ಕಾಲು ತಾಸು ಹಿಡಿಯಿತು. ಅಷ್ಟರಲ್ಲಿ ಅವನು ಹಿಂದೆಲ್ಲ ಒಂದು ಲಾರಿಯ ಇಂಜಿನ್ನನ್ನೇ ಇಳಿಸಿ ಏರಿಸಿ, ಮೇಲೆ ಎರಡು ಕಪ್ಪು ಚಹಾ ಕುಡಿಯುತ್ತಿದ್ದ.

ಚಾಲೂ ಮಾಡಿದಾಗ ಅವನು ಹೆಡರಿನ ಕಡೆ ನೋಡಲೇ ಇಲ್ಲ. ಅವಳ ಮುಖ ನೋಡುತ್ತ ನಿಂತ. ಅವಳು ನಾಲ್ಕೂ ಕೊಳವೆಗೆ ಕಿವಿ ಕೊಟ್ಟಳು. ಅವಸರ ಮಾಡಲಿಲ್ಲ. ಎರಡನೆಯ ಸುತ್ತು ಕೊಟ್ಟಳು.

ತಿರುಪತಿ ಎದ್ದು ಬಂದ. ಅವನ ಪ್ರಶ್ನೆ ಉಸ್ತಾದನಿಗಿರಲಿಲ್ಲ. "ಆತೇನ್ರಿ ಅವ್ವಾರ?"

ಅದೂ ಉಮಾಪತಿಗೆ ಕಂಡಿತು. ಪಾನಾ ಒರೆಸತೊಡಗಿದ.

"ಆತಪ್ಪ. ಚಿಟಿಕಿ ಸಪ್ಪಳ ಇಲ್ಲ" ಎಂದಳು ಪಾರ್ವತೆಮ್ಮ. "ಆದ್ರೂ ಇವತ್ತು ಗಾಜು ಇಳಿಸ್ಕೊಂಡು ಹೋಗು. ಗಂಗಾವತಿ ಮುಟ್ಟಿದ ಮ್ಯಾಲ ನೀನೂ ಒಮ್ಮಿ ಕಿವಿ ಕೊಟ್ಟು ಕೇಳು. ನಾಳಿಗೆ ಹೆಣ್ಮಗಳನ್ನ ಆಮ್ಯಾಲ ಕುಂದ್ರಿಸು."

ತಿರುಪತಿ ತಲೆಯಾಡಿಸಿದ. ಹೋಗುವ ಮುಂಚೆ ಉಮಾಪತಿಯ ಎದುರು ಬಂದು ನಿಂತು, ತುಟಿ ಅಗಲಿಸಿ, ಕಿವುಡರಿಗೆ ಮಾತಾಡುವಂತೆ, "ಬರ್ತೀನ್ರಿ ಉಸ್ತಾದ್ರ" ಎಂದ. ಹಾಗೆ ಅವನೊಂದಿಗೆ ಮಾತಾಡಿದ ಹೊರಗಿನ ಮೊದಲ ಮನುಷ್ಯ ಅವನು. ಉಮಾಪತಿ ಕೈ ಮುಗಿದ.

ಕಾರು ಬೀದಿಯ ತಿರುವು ದಾಟಿತು. ಉಮಾಪತಿಯ ಎದೆಯ ನಡುಕ ಅಲ್ಲಿಗೇ ನಿಂತುಹೋಯಿತು. ತಿರುವಿನಾಚೆ ಅವನಿಗೆ ಏನೂ ಇರಲಿಲ್ಲ.

"ಹೆಂಗ ಹೊಂಟೈತಿ?" ಎಂದು ಕೇಳಿದ.

ಪಾರ್ವತೆಮ್ಮ ಕತ್ತು ಓರೆ ಮಾಡಿದಳು. "ಛಲೋ ಹೊಂಟೈತಿ. ರೈಲ್ವೆ ಗೇಟ್ ಹತ್ರ ಐತಿ ಈಗ." ಸ್ವಲ್ಪ ತಡೆದು, "ದಾಟಿತು. ಬಜಾರದಾಗ ಐತಿ" ಎಂದಳು.

ಇಬ್ಬರೂ ಕಟ್ಟೆಯ ಮೇಲೆ ಕೂತರು. ಮಗ್ಗದ ಮನೆಯವರು ಕೆಲಸ ಮುಗಿಸಿ ಬಾಗಿಲು ಹಾಕಿದರು. ಬಿಸಿಲು ಚಪ್ಪರದ ತಗಡಿನಿಂದ ಇಳಿಯಿತು. ಅಷ್ಟು ಹೊತ್ತಿಗೆ ಕಾರು ಗಂಗಾವತಿಯ ದಾರಿ ಹಿಡಿದು ಹತ್ತು ಮೈಲು ಹೋಗಿರಬೇಕು.

"ಈಗ?" ಎಂದ ಉಮಾಪತಿ.

ಜನ್ಮದಲ್ಲಿ ಇದ್ದದ್ದಕ್ಕಿಂತ ಒಂದು ಸಾಸಿವೆಯಷ್ಟೂ ಹೆಚ್ಚಿಸಿ ಹೇಳದ ಪಾರ್ವತೆಮ್ಮ ಗಂಡನ ಕಡೆ ತಿರುಗಿದಳು, ಅವನಿಗೆ ತನ್ನ ತುಟಿ ಕಾಣುವಂತೆ.

"ಇನ್ನೂ ಕೇಳಾಕತ್ತೇತ್ರಿ" ಎಂದಳು.